ಊರಿಗೆ ಬೆನ್ನು ಹಾಕಿದ ಕುರ್ಚಿ

ನನ್ನ ಮಾವನ ಹೆಸರನ್ನು ನಾನು ಹೇಳುವುದಿಲ್ಲ. ಸೊಸೆಯಾದವಳು ಮಾವನ ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ. ಅವಳೇ ಬೇರೊಂದು ಹೆಸರು ಹುಡುಕಿಕೊಳ್ಳಬೇಕು. ಮದುವೆಯಾಗಿ ಬಂದ ಹೊಸದರಲ್ಲೇ ನಾನು ಅವರಿಗೆ ಸಿನಿಮಾ ಅತಾ ಎಂದು ಹೆಸರಿಟ್ಟೆ. ಹಿರಿಯರನ್ನೆಲ್ಲ ನಾವು ಅತಾ ಎಂದೇ ಕರೆಯುವುದು. ಸಿನಿಮಾ ಯಾಕೆಂದರೆ, ನಮ್ಮ ಊರಾದ ಜಾರ್ಕೆಂಟ್ ಸುತ್ತಲಿನ ಹುಲ್ಲುಗಾವಲುಗಳಿಗೆ ಲಾರಿಯಲ್ಲಿ ಯಂತ್ರ ಹೇರಿಕೊಂಡು ಹೋಗಿ, ಬಿಳಿ ಬಟ್ಟೆ ಕಟ್ಟಿ, ಕುರಿ ಕಾಯುವವರಿಗೆ ಚಿತ್ರ ತೋರಿಸುವುದು ಅವರ ಕೆಲಸವಾಗಿತ್ತು. ಆಗ ಅವರ ಜಾಗ ಎಲ್ಲರಿಗಿಂತ ಹಿಂದೆ, ಯಂತ್ರದ ಪಕ್ಕ. ಮುಂದೆ ಬನ್ನಿ ಎಂದು ಯಾರೂ ಕರೆಯುತ್ತಿರಲಿಲ್ಲ, ಕರೆದರೂ ಹೋಗುವಂತಿರಲಿಲ್ಲ. ಅವರ ಬದುಕಿನ ಸುಖದ ಕಾಲ ಅದೇ ಎಂದು ನನ್ನ ಎಣಿಕೆ.

ಆಮೇಲೆ ವಯಸ್ಸಾಯಿತು. ಬೀದಿಯಲ್ಲಿ ಅವರಿಗಿಂತ ಹಿರಿಯರು ಒಬ್ಬೊಬ್ಬರೇ ತೀರಿಕೊಂಡರು. ಕೊನೆಯವರ ಮಣ್ಣಿಗೆ ಹೋಗಿ ಬಂದ ದಿನ ಮಾವ ಮಂಕಾಗಿ ಕೂತಿದ್ದರು. ಗೆಳೆಯ ಹೋದ ದುಃಖವೆಂದು ನಾವು ತಿಳಿದೆವು. ಇನ್ನು ಮುಂದೆ ಇಡೀ ಬೀದಿಗೆ ತಾನೇ ಅಕ್ಸಾಕಾಲ್, ಅಂದರೆ ಬಿಳಿಗಡ್ಡದ ಹಿರಿಯ, ಎಂಬ ಭಯ ಅದು. ಗಡ್ಡವಾದರೂ ಅವರಿಗೆ ಸರಿಯಾಗಿ ಬಂದಿಲ್ಲ, ಗದ್ದದ ಮೇಲೆ ಒಂದು ಹಿಡಿ ಇದೆ ಅಷ್ಟೆ. ಮರ್ಯಾದೆ ಮಾತ್ರ ಪೂರ್ತಿ ಬಂತು.

ನಮ್ಮಲ್ಲಿ ಹಿರಿಯರು ಕೂರುವ ಜಾಗಕ್ಕೆ ತ್ಯೋರ್ ಎನ್ನುತ್ತಾರೆ. ಬಾಗಿಲಿನಿಂದ ಅತಿ ದೂರದ ತುದಿ, ಬಾಗಿಲಿಗೆ ಮುಖ ಮಾಡಿ. ಸೊಸೆಯ ಜಾಗ ಇನ್ನೊಂದು ತುದಿ, ಬಾಗಿಲ ಬುಡದಲ್ಲಿ, ಚಹಾ ಪಾತ್ರೆಯ ಪಕ್ಕ. ಮಾವ ಯಾರ ಮನೆಗೆ ಕಾಲಿಟ್ಟರೂ "ಮೇಲಕ್ಕೆ ಬನ್ನಿ, ಮೇಲಕ್ಕೆ ಬನ್ನಿ" ಎಂದು ನಾಲ್ಕು ಜನ ರಟ್ಟೆ ಹಿಡಿದು ಎಳೆದೊಯ್ಯುತ್ತಾರೆ. ಮದುವೆಯಲ್ಲಿ ಕುಣಿತ ಒಂದು ಮೂಲೆಯಲ್ಲಿ ನಡೆದರೆ ಇವರ ಮುಖ ಇನ್ನೊಂದು ಮೂಲೆಗೆ. ಚಳಿಗಾಲದಲ್ಲಿ ಒಲೆಯ ಮಗ್ಗುಲಿಗೇ ಕೂರಿಸಿ ಬೆವರಿಳಿಸುತ್ತಾರೆ. ಇವರು ತುತ್ತು ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ, ಇವರು ಏಳುವವರೆಗೆ ಯಾರೂ ಏಳುವಂತಿಲ್ಲ, ಆದ್ದರಿಂದ ಉಚ್ಚೆಗೆ ಹೋಗಬೇಕಾದರೂ ಇವರು ಹತ್ತು ಸಲ ಯೋಚಿಸಬೇಕು. ಇವರಿಗೆ ಇಷ್ಟವಾದದ್ದು ಪಕ್ಕೆಲುಬಿನ ಮಾಂಸ. ಸಿಗುವುದು ಇಡೀ ಕುರಿತಲೆ, ಯಾಕೆಂದರೆ ತಲೆ ಹಿರಿಯರಿಗೇ ಮೀಸಲು. ಅದರ ಕಿವಿ ಕೊಯ್ದು ಒಬ್ಬರಿಗೆ, ಕೆನ್ನೆ ಕೊಯ್ದು ಇನ್ನೊಬ್ಬರಿಗೆ ಹಂಚಿ ಮುಗಿಸುವಷ್ಟರಲ್ಲಿ ಪಕ್ಕೆಲುಬು ನನ್ನ ಗಂಡ ಯೆರ್ಗಾಲಿಯ ಹೊಟ್ಟೆ ಸೇರಿರುತ್ತದೆ.

ಒಂದು ಬೆಳಗ್ಗೆ ನಾನು ಎದ್ದು ನೋಡಿದರೆ ಮಾವ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಹಾಲಿನವನ ಸೈಕಲ್ ಕಂಡದ್ದೇ ತಡ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಎದ್ದು ಒಳಗೋಡಿ ತ್ಯೋರ್‌ನಲ್ಲಿ ನೆಟ್ಟಗೆ ಕೂತರು. ನಾನು ನೋಡದವಳಂತೆ ಚಹಾಕ್ಕೆ ಇಟ್ಟೆ.

ಕಳೆದ ಶರತ್ಕಾಲದಲ್ಲಿ ಯೆರ್ಗಾಲಿಗೆ ರಜೆ ಸಿಕ್ಕಿತು. ಅವನು ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ಎಡಕ್ಕೆ ಹೋಗು, ಬಲಕ್ಕೆ ತಿರುಗು, ಬ್ರೇಕ್ ಒತ್ತು ಎಂದು ಹೇಳಿ ಹೇಳಿ ಮನೆಯಲ್ಲೂ ಅದೇ ಚಾಳಿ. ಅಪ್ಪ ಅಮ್ಮನಿಗೆ ದೊಡ್ಡ ನಗರ ಅಲ್ಮಾಟಿ ತೋರಿಸುತ್ತೇನೆ ಎಂದು ಹೊರಡಿಸಿದ. ಮಾವನ ಖುಷಿ ಹೇಳತೀರದು. ಆದರೆ ಬಾಡಿಗೆಗೆ ಸಿಕ್ಕಿದ ಮನೆ ನೆಲ ಅಂತಸ್ತಿನದು, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಹಗಲು ಅಂಗಡಿ ಅಂಗಡಿ ಅಲೆದು ಅತ್ತೆ ಪಾತ್ರೆ ಕೊಂಡರು. ಸಂಜೆ ಸುಸ್ತಾಗಿ ಮನೆಯಲ್ಲೇ ನೂಡಲ್ಸ್ ಬೇಯಿಸಿ ಉಂಡು ಮಲಗಿದೆವು. ಹೀಗೇ ದಿನ ಕಳೆದು ಕೊನೆಯ ಬೆಳಗು ಬಂತು. ಮರುದಿನ ಮುಂಜಾನೆ ಊರಿಗೆ ವಾಪಸು.

ಚಹಾದ ಹೊತ್ತಿಗೆ ಯೆರ್ಗಾಲಿ ಸಭೆ ಕರೆದ.

"ಅಪ್ಪಾ, ಇವತ್ತು ಸಂಜೆ ಹೊರಗೇ ಊಟ. ಆರಾಮಾಗಿ, ಅವಸರ ಇಲ್ದೆ. ಎಲ್ಲಿಗೆ ಹೋಗೋಣ, ನೀವೇ ಹೇಳಿ."

"ನಿಮಗೆಲ್ಲಿ ಇಷ್ಟವೋ ಅಲ್ಲಿ" ಎಂದರು ಮಾವ. ಹಿರಿಯರು ಹೇಳಬೇಕಾದದ್ದೂ ಅದನ್ನೇ.

"ಮೆಟ್ಟಿಲು ಹತ್ತೋ ಜಾಗ ನನಗೆ ಬೇಡ" ಎಂದರು ಅತ್ತೆ. "ಡಬ ಡಬ ಹಾಡು ಬಡಿಯೋ ಜಾಗ ಬೇಡ. ಕುರ್ಚಿಗೆ ಬೆನ್ನು ಇರ್ಬೇಕು. ಟಾಯ್ಲೆಟ್ ಹತ್ರ ಇರ್ಬೇಕು."

ಯೆರ್ಗಾಲಿ ಫೋನು ತೆಗೆದು ಓದತೊಡಗಿದ. "ಪೇಟೆ ಹಿಂದೆ ಒಂದು ಲಗ್ಮಾನ್ ನೂಡಲ್ಸ್ ಅಂಗಡಿ ಇದೆ. ಉಂಡೋರು ಬರ್ದಿದ್ದಾರೆ, ಮಾಂಸ ಬೆಣ್ಣೆ ಥರ, ಮಾಲೀಕ ಮಾತ್ರ ಒರಟ ಅಂತ."

"ಮಾಲೀಕನ್ನ ನಾವೇನು ತಿನ್ನಲ್ವಲ್ಲ. ಕುರ್ಚಿಗೆ ಬೆನ್ನಿದ್ಯಾ?"

"ಬೆಂಚು ಅಂತ ಬರ್ದಿದೆ."

"ಹಂಗಾದ್ರೆ ಬೇಡ."

ಈ ಗದ್ದಲದಲ್ಲಿ ನಾನು ಮಾವನಿಗೆ ಬಟ್ಟಲು ಕೊಡಲು ಬಾಗಿದೆ. ಅವರು ಬಟ್ಟಲು ಹಿಡಿದವರು ಬಿಡಲಿಲ್ಲ. ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದರು.

"ಮಗಳೇ, ಊರು ಕಾಣೋ ಜಾಗ ಒಂದಿದ್ರೆ ನೋಡು."

"ಯಾವ ಊರು ಅತಾ?"

"ಇದೇ ಊರು. ಎತ್ತರದಿಂದ, ದೀಪ ಹತ್ತೋ ಹೊತ್ತಿಗೆ. ಚಿತ್ರ ಶುರುವಾಗೋವಾಗ ತೋರಿಸ್ತಾರಲ್ಲ, ಹಂಗೆ. ಯಂತ್ರದ ಕಿಂಡಿಯಿಂದ ಎಷ್ಟೋ ಊರು ನೋಡಿದ್ದೀನಿ, ಒಂದೂ ನಿಜದ್ದಲ್ಲ. ತಿಂತಾ, ಮಾತಾಡದೆ, ಸುಮ್ನೆ ನೋಡ್ತಾ ಕೂರ್ಬೇಕು ಅಂತ ಆಸೆ. ಕಷ್ಟ ಆದ್ರೆ ಬೇಡ ಬಿಡು."

ನಾನು ಆ ಮನೆಗೆ ಬಂದಾಗಿನಿಂದ ಮಾವ ನನ್ನನ್ನು ಉಪ್ಪು ಬಿಟ್ಟು ಬೇರೇನೂ ಕೇಳಿದವರಲ್ಲ. ಈ ಮನುಷ್ಯನಿಗೆ ಊರು ತೋರಿಸದೆ ನಾನು ಅಲ್ಮಾಟಿ ಬಿಡುವುದಿಲ್ಲ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಬೆಟ್ಟದ ಮಗ್ಗುಲಲ್ಲಿ, ಬಯಲು ಮಹಡಿಯ ಮೇಲೆ ಮೇಜು ಹಾಕಿರುವ ಒಂದು ಹೋಟೆಲಿದೆ ಎಂದು ಮನೆಯೊಡತಿ ಹೇಳಿದ್ದಳು. ಅದನ್ನೇ ಎತ್ತಿದೆ.

"ಅಲ್ಲಿ ಗಾಳಿ. ಅಪ್ಪನಿಗೆ ಸೊಂಟ ಹಿಡ್ಕೊಳ್ಳತ್ತೆ" ಎಂದ ಯೆರ್ಗಾಲಿ.

"ಸೊಂಟ ಹಿಡ್ಕೊಳ್ಳೋದು ನಿನಗೆ. ಅವರು ಲಾರಿ ಮೇಲೆ ಮಲಗಿ ಬೆಳೆದೋರು."

ಅತ್ತೆಯನ್ನು, ನಮ್ಮ ಮಾತಿನಲ್ಲಿ ಎನೆಯನ್ನು, ಗೆಲ್ಲುವುದು ಸುಲಭವಾಯಿತು. "ಎನೆ, ಮಹಡಿಗೆ ಏಳೆಂಟೇ ಮೆಟ್ಟಿಲಂತೆ, ಕುರ್ಚಿಗೆ ಬೆನ್ನಿದೆ, ದಿಂಬೂ ಕೊಡ್ತಾರೆ, ಟಾಯ್ಲೆಟ್ ಮೆಟ್ಟಿಲ ತಲೆಯಲ್ಲೇ ಇದೆ" ಎಂದೆ. ದಿಂಬು ನಾನೇ ಸೇರಿಸಿದ್ದು. ಅತ್ತೆ ತಲೆಯಾಡಿಸಿದ ಮೇಲೆ ಯೆರ್ಗಾಲಿಗೆ ಬ್ರೇಕ್ ಒತ್ತುವುದು ಬಿಟ್ಟು ದಾರಿ ಉಳಿಯಲಿಲ್ಲ. ನಾನೇ ಫೋನು ಮಾಡಿ, ಕಟಕಟೆಗೆ ಹೊಂದಿಕೊಂಡ ಮೇಜು ಬೇಕು, ಊರು ಪೂರ್ತಿ ಕಾಣಬೇಕು ಎಂದು ಒತ್ತಿ ಒತ್ತಿ ಹೇಳಿದೆ. ಮಾವ ಮಧ್ಯಾಹ್ನದಿಂದಲೇ ಟೊಪ್ಪಿಗೆಯ ಧೂಳು ಕೊಡವುತ್ತ ಕೂತರು.

ಸೂರ್ಯ ಮುಳುಗುವ ಹೊತ್ತಿಗೆ ಮೇಲೆ ತಲುಪಿದೆವು. ಫೋನಿನ ಹುಡುಗಿ ಮಾತು ಉಳಿಸಿಕೊಂಡಿದ್ದಳು: ಉದ್ದನೆಯ ಮೇಜು, ಅದರ ಒಂದು ತುದಿಗೂ ಕಟಕಟೆಗೂ ನಡುವೆ ಒಂದು ಕುರ್ಚಿಯಷ್ಟೇ ಜಾಗ, ಕಟಕಟೆಯಾಚೆ ಇಡೀ ಅಲ್ಮಾಟಿ ಕೆಳಗೆ ಹರಡಿಕೊಂಡಿದೆ. ಮೇಜಿನ ಇನ್ನೊಂದು ತುದಿ ಮೆಟ್ಟಿಲ ಕಡೆಗೆ. ಮಾವ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತರು.

"ಮೇಲಕ್ಕೆ ಬನ್ನಿ ಅಪ್ಪಾ, ಮೇಲಕ್ಕೆ ಬನ್ನಿ" ಎಂದು ಯೆರ್ಗಾಲಿ ಅವರ ಮೊಣಕೈ ಹಿಡಿದ.

ಬಯಲಲ್ಲಿ ಬಾಗಿಲೆಲ್ಲಿ, ತ್ಯೋರ್ ಎಲ್ಲಿ ಎಂದು ನೀವು ಕೇಳಬಹುದು. ನಮ್ಮವರಿಗೆ ಆ ತೊಂದರೆಯೇ ಇಲ್ಲ. ಕುದುರೆಯ ಬೆನ್ನ ಮೇಲೆ ಕೂರಿಸಿದರೂ ತ್ಯೋರ್ ಯಾವುದೆಂದು ಹೇಳಬಲ್ಲರು. ಮೆಟ್ಟಿಲೇ ಬಾಗಿಲು. ಮೆಟ್ಟಿಲಿನಿಂದ ಅತಿ ದೂರದ್ದು ಕಟಕಟೆಯ ತುದಿ. ಅಲ್ಲಿ ಮಾವನನ್ನು ಮೆಟ್ಟಿಲ ಕಡೆ ಮುಖ ಮಾಡಿ ಕೂರಿಸಿದ. ಅತ್ತೆ ಅವರ ಪಕ್ಕಕ್ಕೆ, ಅತ್ತೆಯ ಎದುರಿಗೆ ಗಂಡ, ಮೆಟ್ಟಿಲ ಪಕ್ಕದ ತುದಿಯಲ್ಲಿ ಚಹಾ ಪಾತ್ರೆಯೊಂದಿಗೆ ನಾನು. ಎಲ್ಲ ಸರಿಯಾಯಿತು ಎಂದು ನಾನೂ ಉಸಿರು ಬಿಟ್ಟು ತಲೆ ಎತ್ತಿದೆ. ಆಗ ಕಂಡದ್ದು: ಬೀದಿ ಬೀದಿಯಾಗಿ ದೀಪ ಹತ್ತಿಕೊಳ್ಳುತ್ತಿರುವ ಊರು ಪೂರ್ತಿ ನನ್ನ ಕಣ್ಣೆದುರಿಗೆ. ಮಾವನ ಕಣ್ಣೆದುರಿಗೆ ಮೆಟ್ಟಿಲು, ಟಾಯ್ಲೆಟ್ಟಿನ ಬಾಗಿಲು ಮತ್ತು ನಾನು.

ಅವರು ಟೊಪ್ಪಿಗೆಯನ್ನು ಮತ್ತೆ ತಲೆಗೆ ಹಾಕಿಕೊಂಡರು.

"ಅಪ್ಪಾ, ಅಲ್ಲಿ ನೋಡಿ, ಗೋಪುರದ ದೀಪ ಬಂತು" ಎಂದ ಯೆರ್ಗಾಲಿ, ಬಾಯಿ ತುಂಬ ಬೌರ್ಸಾಕ್ ಎಂಬ ಕರಿದ ಹಿಟ್ಟಿನುಂಡೆ ತುರುಕಿಕೊಂಡು. ಮಾವ ಕತ್ತು ತಿರುಗಿಸಿದರು. ಆ ಕತ್ತು ಬಹಳ ದೂರ ಹೋಗುವುದಿಲ್ಲ. ಹೂಕುಂಡದವರೆಗೆ ಹೋಗಿ ನಿಂತಿತು.

"ಹೌದು, ಚೆನ್ನಾಗಿದೆ" ಎಂದು ಹೂಕುಂಡಕ್ಕೆ ಹೇಳಿದರು.

"ಕತ್ತು ಉಳುಕಿಸ್ಕೋಬೇಡಿ, ನೆಟ್ಟಗೆ ಕೂತ್ಕೊಳ್ಳಿ. ನನಗಂತೂ ಈಗಲೇ ಚಳಿ ಶುರುವಾಯ್ತು. ಬೇಗ ಉಂಡು ಇಳಿಯೋಣ. ಏನೋ ದಿಂಬು ಕೊಡ್ತಾರೆ ಅಂದಿದ್ಲು ಇವಳು" ಎಂದರು ಅತ್ತೆ.

ನಾನು ಗಂಡನ ಕಡೆ ಬಾಗಿದೆ. "ಅತಾನ ನನ್ನ ಜಾಗಕ್ಕೆ ಕರ್ಕೊಂಡು ಬಾ. ಅವರಿಗೆ ಊರು ನೋಡ್ಬೇಕಂತೆ."

"ತಲೆ ಕೆಟ್ಟಿದ್ಯಾ ರಾಯ್‌ಹಾನ್? ಹಡೆದ ಅಪ್ಪನ್ನ ಬಾಗಿಲಲ್ಲಿ ಕೂರಿಸ್ಲಾ? ಜನ ಉಗೀತಾರೆ."

"ಯಾವ ಜನ? ಇಲ್ಲಿ ನಮ್ಮನ್ನ ಬಲ್ಲೋರು ಯಾರಿದ್ದಾರೆ?"

"ಇರ್ತಾರೆ. ಎಲ್ಲಾ ಕಡೆ ಇರ್ತಾರೆ."

ಅಷ್ಟರಲ್ಲಿ ಬಡಿಸುವ ಹುಡುಗಿ ಎರಡು ಕೈಯಲ್ಲಿ ದೊಡ್ಡ ತಟ್ಟೆ ಹಿಡಿದು ಬಂದಳು. ಬೆಶ್ಬರ್ಮಾಕ್, ಅಂದರೆ ಬೇಯಿಸಿದ ಹಿಟ್ಟಿನ ಹಾಳೆ ಮತ್ತು ಮಾಂಸ, ಅದರ ಮೇಲೆ ಕುರಿತಲೆ. ನನ್ನ ಗಂಡ ಗುಟ್ಟಾಗಿ ಮೊದಲೇ ಹೇಳಿ ಮಾಡಿಸಿದ್ದನಂತೆ. ಹಲ್ಲು ಕಿರಿದುಕೊಂಡಿದ್ದ ಆ ತಲೆಯನ್ನು ಮಾವನ ಮುಂದಿಟ್ಟಳು. ರಜೆಯಲ್ಲೂ ಇದು ಬಿಡಲಿಲ್ಲವಲ್ಲ ಎಂಬಂತೆ ಮಾವ ಅದನ್ನು ನೋಡಿದರು. ಚಾಕು ಕೈಗೆತ್ತಿಕೊಳ್ಳಲಿಲ್ಲ.

ನನಗೆ ಅಳುವಷ್ಟು ಸಿಟ್ಟು ಬಂತು. ಗಂಡನ ಮೇಲೆ, ಅತ್ತೆಯ ಮೇಲೆ, ಆ ಕುರಿಯ ಮೇಲೂ. ಮುಖ ಆ ಕಡೆ ತಿರುಗಿಸಿದಾಗ ಪಕ್ಕದ ಮೇಜು ಕಣ್ಣಿಗೆ ಬಿತ್ತು. ಅಲ್ಲಿಯೂ ಕಟಕಟೆಗೆ ಬೆನ್ನು ಹಾಕಿ ಒಬ್ಬ ಮುದುಕರು ಕೂತಿದ್ದರು. ಅದರಾಚೆಯ ಮೇಜಿನಲ್ಲಿ ಬಿಳಿ ತಲೆವಸ್ತ್ರದ ಒಬ್ಬ ಅಜ್ಜಿ. ಅದರಾಚೆ ಇನ್ನೊಬ್ಬ ಮುದುಕರು. ಕಟಕಟೆಯುದ್ದಕ್ಕೂ ಹಿರಿಯರ ಸಾಲು, ಎಲ್ಲರೂ ಅಲ್ಮಾಟಿಗೆ ಬೆನ್ನು ಹಾಕಿ ಟಾಯ್ಲೆಟ್ಟನ್ನು ಕಾಯುತ್ತಿದ್ದಾರೆ. ಮೆಟ್ಟಿಲ ಕಡೆಯ ತುದಿಯಲ್ಲಿ ಸೊಸೆಯರ ಸಾಲು, ಎಲ್ಲರೂ ದೀಪ ನೋಡುತ್ತ ಚಹಾ ಸುರಿಯುತ್ತಿದ್ದಾರೆ. ನಗು ತಡೆಯಲಾಗದೆ ನಾನು ಶಾಲಿಗೆ ಬಾಯಿ ಒತ್ತಿಕೊಂಡು ಕೆಮ್ಮಿದೆ.

ಪಕ್ಕದ ಮೇಜಿನ ಸೊಸೆ ನನಗೆ ಮೊಣಕೈ ದೂರದಲ್ಲಿದ್ದಳು. "ನಿಮ್ಮವರೂ ಊರು ನೋಡ್ಬೇಕು ಅಂದಿದ್ರಾ?" ಎಂದು ಅವಳೇ ಕೇಳಿದಳು.

"ಮಧ್ಯಾಹ್ನದಿಂದ ಟೊಪ್ಪಿಗೆ ಕೊಡವ್ತಿದ್ರು."

"ನಮ್ಮವರು ಕನ್ನಡಕ ಒರೆಸಿ ಒರೆಸಿ ಸವೆಸಿದ್ರು. ಈಗ ನನ್ನ ಮುಖ ನೋಡ್ತಿದ್ದಾರೆ."

ಅವಳ ಹೆಸರು ಶಿನಾರ್, ಶಿಯೆಲಿ ಎಂಬ ಊರಿನವಳು. ಅವಳ ಮಾವ ಬೋರಾನ್‌ಬಾಯ್ ಅತಾ, ಭತ್ತದ ಗದ್ದೆಗಳಿಗೆ ಕಾಲುವೆ ನೀರು ಬಿಡುವ ಕೆಲಸದಲ್ಲಿದ್ದವರು. ಅವಳು ಆ ಹೆಸರನ್ನು ತಾನು ಹೇಳದೆ ನಾದಿನಿಯ ಬಾಯಲ್ಲಿ ಹೇಳಿಸಿದಳು. ನನಗೆ ತಟ್ಟನೆ ಒಂದು ಉಪಾಯ ಹೊಳೆಯಿತು. ತ್ಯೋರ್‌ನಿಂದ ಹಿರಿಯನನ್ನು ಎಬ್ಬಿಸಬಲ್ಲವರು ಲೋಕದಲ್ಲಿ ಒಬ್ಬರೇ: ಅವರಿಗಿಂತ ಹಿರಿಯರು.

"ನಿಮ್ಮವರು ಯಾವ ವರ್ಷದವರು?" ಎಂದೆ. ನಮ್ಮಲ್ಲಿ ಹುಟ್ಟಿದ ವರ್ಷಕ್ಕೆ ಪ್ರಾಣಿಯ ಹೆಸರು, ಕುದುರೆಯ ಮರುವರ್ಷ ಕುರಿ.

"ಕುದುರೆ."

"ನಮ್ಮವರು ಕುರಿ. ನಿಮ್ಮವರೇ ಒಂದು ವರ್ಷ ದೊಡ್ಡೋರು. ಸ್ವಲ್ಪ ಹೊತ್ತು ನಮ್ಮ ಮೇಜಿಗೆ ಕಳಿಸಿ ಕೊಡ್ತೀಯಾ?"

ಶಿನಾರ್ ನನ್ನನ್ನು ನೋಡಿದಳು, ನನ್ನ ಮಾವನನ್ನು ನೋಡಿದಳು, ಅವಳಿಗೆ ಅರ್ಥವಾಯಿತು. ನಾನು ಎದ್ದು ಹೋಗಿ ಬೋರಾನ್‌ಬಾಯ್ ಅತಾನ ಮುಂದೆ ತಲೆ ಬಾಗಿಸಿ, ನಮ್ಮ ಮೇಜಿಗೆ ತಲೆ ಬಂದಿದೆ, ಕೊಯ್ಯಲು ತಮ್ಮಂಥ ಹಿರಿಯರ ಕೈ ಬೇಕು ಎಂದು ಬೇಡಿಕೊಂಡೆ. ಹೀಗೆ ಕರೆದರೆ ನಮ್ಮಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಅವರು ಕೋಲು ಊರಿಕೊಂಡು ಬಂದರು. ಯೆರ್ಗಾಲಿ ಗಾಬರಿಯಾಗಿ ಎದ್ದು ನಿಂತ.

"ಯಾವ ವರ್ಷ ತಮ್ಮದು?" ಎಂದು ಕೇಳಿದರು ಮಾವ, ಪದ್ಧತಿ ಪ್ರಕಾರ.

"ಕುದುರೆ."

ಮಾವನ ಮುಖ ಅರಳಿದ್ದನ್ನು ನಾನು ಮೇಜಿನ ಈ ತುದಿಯಿಂದ ಕಂಡೆ. "ನಾನು ಕುರಿ. ನಾನು ಚಿಕ್ಕವನು" ಎಂದರು. ಎಷ್ಟೋ ವರ್ಷಗಳಿಂದ ಆ ಮಾತು ಹೇಳಲು ಅವರಿಗೆ ಅವಕಾಶವೇ ಸಿಕ್ಕಿರಲಿಲ್ಲ. "ಅಣ್ಣಾ, ಮೇಲಕ್ಕೆ ಬನ್ನಿ, ಮೇಲಕ್ಕೆ ಬನ್ನಿ" ಎಂದು ರಟ್ಟೆ ಹಿಡಿದು ಬೋರಾನ್‌ಬಾಯ್ ಅತಾನನ್ನು ತಮ್ಮ ಕುರ್ಚಿಗೆ ಎಳೆದೊಯ್ದರು. ಅತ್ತೆ ಒಂದು ಜಾಗ ಕೆಳಕ್ಕೆ ಸರಿದರು, ಮಾವ ಅತ್ತೆಯ ಕುರ್ಚಿಯಲ್ಲಿ ಕೂತರು.

ನಾನು ಗೆದ್ದೆ ಎಂದುಕೊಂಡೆ. ಆಮೇಲೆ ನೋಡಿದರೆ ಆ ಕುರ್ಚಿಯ ಎದುರಿಗೆ ದೀಪದ ಕಂಬ. ಒಂದು ಬದಿಗೆ ಕಂಬ, ಇನ್ನೊಂದು ಬದಿಗೆ ನನ್ನ ಗಂಡನ ತಲೆ. ಯಾವುದು ಯಾವುದೆಂದು ಹೇಳುವುದು ಕಷ್ಟ. ಮಾವನಿಗೆ ಸಿಕ್ಕಿದ್ದು ನಡುವಿನ ಒಂದು ಸೀಳು, ಅದರಲ್ಲಿ ಮೂರು ದೀಪ. ಅತ್ತೆ ಶಾಲು ಬಿಗಿಯಾಗಿ ಹೊದ್ದುಕೊಂಡು, ಹೊರಡುವ ಹೊತ್ತಾಯಿತು ಎಂದು ಗೊಣಗತೊಡಗಿದರು. ನನ್ನ ಬುದ್ಧಿಯೆಲ್ಲ ಅಲ್ಲಿಗೆ ಖರ್ಚಾಗಿತ್ತು.

ಮಾವ ಆ ಸೀಳನ್ನು ಸ್ವಲ್ಪ ಹೊತ್ತು ನೋಡಿದರು. ಬೋರಾನ್‌ಬಾಯ್ ಅತಾನನ್ನು ನೋಡಿದರು. ಆಮೇಲೆ ಎದ್ದು, ಮೇಜಿನ ಉದ್ದಕ್ಕೂ ನಡೆದು ನನ್ನ ಬಳಿ ಬಂದು ನಿಂತರು.

"ಏಳು ಮಗಳೇ. ಅಣ್ಣನಿಗೆ ಚಹಾ ನಾನೇ ಕೊಡ್ತೀನಿ."

ಯೆರ್ಗಾಲಿಯ ಕೈಯಿಂದ ಮೂಳೆ ಜಾರಿತು. "ಅಪ್ಪಾ, ಅದು ಬಾಗಿಲು. ಅದು ಸೊಸೆ ಕೂರೋ ಜಾಗ."

"ನನಗಿಂತ ದೊಡ್ಡೋರು ಮನೆಗೆ ಬಂದಿದ್ದಾರೆ. ಚಿಕ್ಕೋನು ಸೇವೆ ಮಾಡಿದ್ರೆ ತಪ್ಪೇನೋ?"

"ಇದು ಮನೆ ಅಲ್ಲ ಅಪ್ಪಾ, ಹೋಟ್ಲು."

"ಹಂಗಾದ್ರೆ ಬಾಗಿಲೂ ಅಲ್ಲ" ಎಂದು ಹೇಳಿ ಮಾವ ನನ್ನ ಕುರ್ಚಿಯಲ್ಲಿ ಕೂತರು.

ನಾನು ಅವರ ಹೆಗಲ ಹಿಂದೆ ನಿಂತೆ. ಅವರು ತಲೆ ಎತ್ತಿದರು. ಎಷ್ಟೋ ಹೊತ್ತು ಹಾಗೇ ಇದ್ದರು. ಅಷ್ಟರಲ್ಲಿ ಪೂರ್ತಿ ಕತ್ತಲಾಗಿ ಕೆಳಗೆ ದೀಪಗಳು ಒತ್ತೊತ್ತಾಗಿದ್ದವು. ಕಾರುಗಳ ಸಾಲು ಹರಿಯುತ್ತಿತ್ತು. ಮಾವ ಕೆಟಲ್ ಎತ್ತಿದರು, ಬಟ್ಟಲಿಗೆ ಹಾಲು ಬಿಟ್ಟರು, ಚಹಾ ಸುರಿದರು. ಕಣ್ಣು ಮಾತ್ರ ಕೆಳಗಿಳಿಯಲಿಲ್ಲ. ಚಹಾ ಅರ್ಧ ದಾಟಿತು, ಮುಕ್ಕಾಲು ದಾಟಿತು, ಅಂಚಿಗೆ ಬಂತು.

ನಮ್ಮಲ್ಲಿ ಅತಿಥಿಗೆ ಬಟ್ಟಲ ತಳ ಮುಚ್ಚುವಷ್ಟೇ ಚಹಾ ಕೊಡಬೇಕು. ಮತ್ತೆ ಮತ್ತೆ ತುಂಬಿಸುತ್ತಾ ಕೂರಿಸಿಕೊಳ್ಳುವುದೇ ಮರ್ಯಾದೆ. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದು ಮುಖಕ್ಕೆ ಹೊಡೆದಂತೆ. ನಾನು ಬಾಯಿ ತೆಗೆಯುವ ಮೊದಲೇ ಮಾವ ಬಟ್ಟಲನ್ನು ಮಗನ ಕೈಗಿಟ್ಟಾಗಿತ್ತು. ಯೆರ್ಗಾಲಿ ಅದನ್ನು ನೋಡಿ ಬಿಳಿಚಿಕೊಂಡ. ಹಿಂದಕ್ಕೆ ಕೊಡುವಂತಿಲ್ಲ, ಚೆಲ್ಲುವಂತಿಲ್ಲ. ಎರಡೂ ಕೈಯಲ್ಲಿ ಹಿಡಿದು ತ್ಯೋರ್‌ನತ್ತ ಚಾಚಿದ. ಅತ್ತೆ ಕಣ್ಣು ಮುಚ್ಚಿಕೊಂಡರು.

ಬೋರಾನ್‌ಬಾಯ್ ಅತಾ ತುಂಬಿದ ಬಟ್ಟಲನ್ನು ನೋಡಿದರು. ಪಕ್ಕದ ಮೇಜಿನಿಂದ ಅವರ ಮಕ್ಕಳು ಇತ್ತ ತಿರುಗಿದರು.

"ತಮ್ಮಾ" ಎಂದರು ಅವರು. "ಕರೆದು ಕೂರಿಸಿದ್ದು ನೀವೇ."

ಮಾವನಿಗೆ ಕೇಳಿಸಲಿಲ್ಲ. ಅವರು ಬೋರಾನ್‌ಬಾಯ್ ಅತಾನ ಟೊಪ್ಪಿಗೆಯ ಮೇಲಿಂದ ಆಚೆ ನೋಡುತ್ತಿದ್ದರು. ಬಾಯಿ ಅರೆ ತೆರೆದಿತ್ತು, ಕೆಟಲ್ ಇನ್ನೂ ಕೈಯಲ್ಲೇ ಇತ್ತು. ಬೋರಾನ್‌ಬಾಯ್ ಅತಾ ಆ ಮುಖವನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದರು. ಆಮೇಲೆ ಬಟ್ಟಲು ಕೆಳಗಿಟ್ಟು, ಕುರ್ಚಿಯ ಬೆನ್ನು ಹಿಡಿದು, ಮೈಯೆಲ್ಲ ತಿರುಗಿಸಿ ಹಿಂದೆ ನೋಡಿದರು. ನೋಡಿದವರು ಮತ್ತೆ ಈ ಕಡೆ ತಿರುಗಲಿಲ್ಲ.

"ಮಗಾ" ಎಂದು ಯೆರ್ಗಾಲಿಯನ್ನು ಕರೆದರು, ಬೆನ್ನು ತೋರಿಸಿಕೊಂಡೇ. "ಈ ಕುರ್ಚಿ ತಿರುಗತ್ತಾ?"

ನನ್ನ ಗಂಡ ಕುರ್ಚಿ ತಿರುಗಿಸಿದ. ಎಡಕ್ಕೆ, ಬಲಕ್ಕೆ ಎಂದು ಯಾರೂ ಹೇಳಬೇಕಾಗಲಿಲ್ಲ. ಬೋರಾನ್‌ಬಾಯ್ ಅತಾ ಕಟಕಟೆಯ ಮೇಲೆ ಮೊಣಕೈ ಊರಿ ಕೂತು, ಬಟ್ಟಲನ್ನು ಬೆನ್ನ ಹಿಂದಿನಿಂದಲೇ ಇಸಿದುಕೊಂಡು ಕುಡಿದರು. ಊಟಕ್ಕೆ ಆಶೀರ್ವಾದ ಆಗಲೇಬೇಕಲ್ಲ. ಅದನ್ನೂ ಅವರು ಅಲ್ಮಾಟಿಗೇ ಹೇಳಿದರು. ನಾವು ಅಂಗೈ ಬಿಚ್ಚಿ ಅವರ ಬೆನ್ನಿಗೆ ಆಮೆನ್ ಎಂದೆವು. ತಲೆ ಕೊಯ್ಯುವವರಿಲ್ಲದೆ ತಟ್ಟೆಯಲ್ಲಿ ತಣ್ಣಗಾಯಿತು. ಕೊನೆಗೆ ಅತ್ತೆಯೇ ಚಾಕು ಎತ್ತಿಕೊಂಡು, ಚಳಿಯನ್ನು ಮರೆತು, ಕೆನ್ನೆಯ ಮಾಂಸ ಬಿಡಿಸಿ ತಿನ್ನತೊಡಗಿದರು.

ನನಗೆ ಬಹಳ ಸಂತೋಷವಾಯಿತು. ನಿಂತಲ್ಲೇ ಕಣ್ಣು ಒರೆಸಿಕೊಂಡೆ. ಮಾವ ಆಗ ಹಿಂದೆ ತಿರುಗಿ ನನ್ನನ್ನು ನೋಡಿದರು, ಹೊಸಬರನ್ನು ನೋಡುವ ಹಾಗೆ.

"ಮಗಳೇ, ನೀನು ನಮ್ಮನೆಗೆ ಬಂದಾಗಿಂದ ದಿನಾ ಈ ತುದೀಲೇ ಕೂರ್ತೀಯಲ್ವಾ?"

"ಹೌದು ಅತಾ."

"ಇಲ್ಲಿಂದ ಇಷ್ಟು ಚೆನ್ನಾಗಿ ಕಾಣತ್ತೆ ಅಂತ ಒಂದು ದಿನಾನೂ ಹೇಳಲಿಲ್ವಲ್ಲ."

"ಹೇಳಿದ್ರೆ ನೀವೆಲ್ಲ ಬಂದು ಕೂತ್ಬಿಡ್ತಿದ್ರಿ."

ಮಾವ ತಲೆಯಾಡಿಸಿ, ಅದೂ ನಿಜ ಎಂದರು. ಆಮೇಲೆ ತಮ್ಮ ಕುರ್ಚಿಯ ಒಂದು ಬದಿಗೆ ಸರಿದು, ಉಳಿದ ಅರ್ಧದಲ್ಲಿ ನನ್ನನ್ನು ಕೂರಿಸಿಕೊಂಡರು.